ಹಿಂದಿನ ಗ್ಯಾಲರಿಯ ಕಷಾಯ

ನಮ್ಮ ಮನ್ಯಾಗ ಚಹಾ ಮಾಡಿದ್ರ ಬಾಜೂ ಮನಿಯವರಿಗೂ ಗೊತ್ತಾಗ್ತಿರಲಿಲ್ಲ. ಕಷಾಯ ಕುದಿಯಾಕ ಇಟ್ರ ಮಾತ್ರ ಕೆಳಗಿನ ಮನಿ, ಮ್ಯಾಲಿನ ಮನಿ, ಎದುರಿನ ಬ್ಲಾಕು, ಎಲ್ಲಾ ಕಡೆ ಸುದ್ದಿ ಮುಟ್ಟತಿತ್ತು. ಅದೂ ಎಂಥಾ ಸುದ್ದಿ ಅಂತೀರಿ! "ಈ ಮನಿ ಸೊಸಿಗೆ ಇನ್ನೂ ಏನೂ ಆಗಿಲ್ಲ" ಅನ್ನೂ ಸುದ್ದಿ. ದಿನಾ ಮುಂಜಾನೆ ಆ ವಾಸನಿ ನನ್ನ ಹೊಟ್ಟಿ ವಿಷಯ ಇಡೀ ಕಾಲೊನಿಗೆ ಸಾರಿ ಬರತಿತ್ತು, ನಾನು ಒಳಗ ಮಾರಿ ತಗ್ಗಿಸಿ ರೊಟ್ಟಿ ಬಡೀತಿದ್ದೆ.

ನಾನು ಗದಗ ಕಡೆಯಾಕಿ. ಮದುವಿ ಆಗಿ ಬಂದದ್ದು ಹೈದರಾಬಾದಿಗೆ. ನಮ್ಮನಿಯವರು ಕೇಂದ್ರ ಸರಕಾರದ ಒಂದು ಕಾರಖಾನ್ಯಾಗ ಕೆಲಸಕ್ಕಿದ್ರು, ಲಿಂಗಂಪಲ್ಲಿ ಸ್ಟೇಶನ್ನಿನ ಆಚೆ ಅವರ ಕ್ವಾರ್ಟರ್ಸು. ಹೈದರಾಬಾದು ಆಗ ಇಡೀ ಆಂಧ್ರದ ರಾಜಧಾನಿ. ನಮ್ಮ ಕ್ವಾರ್ಟರ್ಸಿನ ಕಡೆ ನೋಡಿದ್ರ ಬರೇ ಬಂಡೆಗಲ್ಲು, ಸೀತಾಫಲದ ಗಿಡ, ಬಂದ್ರ ಬಂತು ಇಲ್ಲಂದ್ರ ಇಲ್ಲ ಅನ್ನೂವಂಥಾ ಬಸ್ಸು. ಮನ್ಯಾಗ ನಾವು ಮೂರ ಮಂದಿ: ನಾನು, ಅವರು, ಅವರ ತಾಯಿ. ಅತ್ತಿಯವರು ವಿಜಾಪುರ ಜಿಲ್ಲಾದವರು. ಸಣ್ಣ ವಯಸ್ಸಿನಾಗ ಗಂಡನ್ನ ಕಳಕೊಂಡು, ಅವರಿವರ ಮನ್ಯಾಗ ಬಾಣಂತನ ಮಾಡಿ, ಇದ್ದೊಬ್ಬ ಮಗನ್ನ ಓದಿಸಿದವರು. ಮಾತಂದ್ರ ಕಡ್ಡಿ ಮುರಿದಂಗ. ತೆಲುಗು ಒಂದಕ್ಷರ ಬರತಿರಲಿಲ್ಲ, ಆದ್ರೂ ತೆಲುಗಿನವರ ಕೂಡ ತಾಸಗಟ್ಟಲೆ ಮಾತಾಡತಿದ್ರು. ಕನ್ನಡದಾಗ ಹೇಳತಿದ್ರು, ಎದುರಿನವರಿಗೆ ತಿಳಿಯೂ ಮಟ ಬಿಡತಿರಲಿಲ್ಲ.

ಅವರ ಆಸ್ತಿ ಅಂದ್ರ ಅಡಿಗಿಮನಿ ಕಪಾಟಿನ್ಯಾಗಿನ ಬಿಸ್ಕೀಟ ಡಬ್ಬಿಗಳು. ಒಂದರಾಗ ದಿನದ ಕಷಾಯದ ಪುಡಿ: ಕೊತ್ತಂಬರಿ ಬೀಜ, ಜೀರಗಿ, ಮೆಣಸು, ಒಣಶುಂಠಿ, ಎಲ್ಲಾ ಘಮ್ಮಂತ ಹುರಿದು ಕುಟ್ಟಿದ್ದು. ಮುಂಜಾನೆ ಅದನ್ನ ಬೆಲ್ಲ ಹಾಕಿ ಕುದಿಸಿ, ಒಂದೀಟು ಹಾಲು ಬಿಟ್ಟು ಕುಡದ್ರನ ಅವರಿಗೆ ಮೈ ಏಳೂದು. ಹೊಟ್ಟಿ ಉಬ್ಬರಿಸಿದ್ರ ಅಜವಾನದ ನೀರು. ನೆಗಡಿಗೆ ತುಳಸಿ, ದೊಡ್ಡಪತ್ರಿ, ನಾಕು ಮೆಣಸಿನಕಾಳು. ಜ್ವರ ಬಂದು ಹೋದವರಿಗೆ ಅಮೃತಬಳ್ಳಿ. ಅದನ್ನ ಹಿಂದಿನ ಗ್ಯಾಲರಿ ಕಂಬಿಗೆ ಹಬ್ಬಿಸಿದ್ರು. ಬ್ಯಾಸಗ್ಯಾಗ ಕುಡಿಯೂ ನೀರಿನ ಗಡಗಿಯೊಳಗ ಲಾವಂಚದ ಬೇರು ಬಿದ್ದಿರತಿತ್ತು. ನಾನೂ ಅವನ್ನೆಲ್ಲಾ ಖುಶೀಲೆ ಕುಡೀತಿದ್ದೆ, ಸುಳ್ಳು ಯಾಕ ಹೇಳಲಿ. ಆಫೀಸಿನಿಂದ ದಣದು ಬಂದ ನಮ್ಮನಿಯವರು ಆ ಜೀರಗಿ ಕಷಾಯ ಒಂದು ಗುಟುಕು ಕುಡದು "ಹಾ" ಅಂತಿದ್ರಲ್ಲ, ಅದನ್ನ ಕೇಳಾಕ ನನಗ ಭಾಳ ಚಂದ ಅನಸ್ತಿತ್ತು.

ಕಾಲೊನಿಯವರೂ ಬರತಿದ್ರು. ಯಾಕಂದ್ರ ಅತ್ತಿಯವರಿಗೆ ಕೈಗುಣ ಇತ್ತು. ಪುಡಿ ಯಾರ ಕುಟ್ಟಿದ್ರೂ ನಡೀತದ, ಒಲಿ ಮ್ಯಾಲೆ ಯಾರ ಇಟ್ರೂ ನಡೀತದ, ಆದ್ರ ಕೊಡೂ ಕೈ ಗುಣದ ಕೈ ಇರಬೇಕು. ಔಷಧ ಅರ್ಧ, ಕೈ ಅರ್ಧ. ಒಮ್ಮೆ ಅತ್ತಿಯವರು ಊರಿಗೆ ಹೋದಾಗ ಮ್ಯಾಲಿನ ಮನಿ ಯಜಮಾನರು ಕೆಮ್ಮಕೋತ ಬಂದ್ರು. ಅದ ಡಬ್ಬಿ, ಅದ ಪುಡಿ, ನಾನು ಕುದಿಸಿ ಮುಂದ ಹಿಡದೆ. ಪುಣ್ಯಾತ್ಮ ಅದನ್ನ ನೋಡಿದ್ರು, ನನ್ನ ನೋಡಿದ್ರು, "ಇರಲಿ ತಂಗಿ, ನಿಮ್ಮತ್ತಿ ಬರಲಿ" ಅಂತ ಕೆಮ್ಮಕೋತನ ಮೆಟ್ಟಲಾ ಹತ್ತಿದ್ರು. ನನಗ ಉರದು ಹೋತು. ಕೆಳಗಿನ ಮನಿ ತೆಲುಗು ಬಾಯಿಯಂತೂ ಅತ್ತಿಯವರಿಗೆ "ಪೆದ್ದಮ್ಮಾ" ಅಂತ ಕರೀತಿದ್ಲು, ತನ್ನ ದೊಡ್ಡಮ್ಮನ ಅನ್ನೂವಂಗ. ಆಕಿ ಮನ್ಯಾಗ ಯಾರಿಗೆ ತಲಿ ನೊಂದರೂ ಮೊದಲು ನಮ್ಮ ಮನಿ ಬಾಗಲಾ, ಆಮ್ಯಾಲೆ ಕಾರಖಾನಿ ದವಾಖಾನಿ.

ಇಷ್ಟೆಲ್ಲಾ ಕೈಗುಣ ಇದ್ದಾಕಿ ಮನಿ ಸೊಸಿ ಮಾತ್ರ ವರ್ಷಾ ವರ್ಷಾ ಬರಿಗೈಲೆ ಕೂತಿದ್ಲು, ನೋಡ್ರಿ.

ಮೊದಲು ಯಾರೂ ಏನೂ ಅನ್ನಲಿಲ್ಲ. ಆಮ್ಯಾಲೆ ಹಾಲಿನ ಬೂತಿನ್ಯಾಗ, ನೀರಿನ ನಳದ ಹತ್ರ, ಅರಿಶಿಣ ಕುಂಕುಮಕ್ಕ ಹೋದಲ್ಲಿ, "ಏನರ ವಿಶೇಷ?" ಅಂತ ಶುರು ಆತು. ನಾನು ನಕ್ಕು ಮಾತು ಹಾರಸ್ತಿದ್ದೆ. ಅತ್ತಿಯವರಿಗೆ ಹಾರಸಾಕ ಬರತಿರಲಿಲ್ಲ. ಒಂದಿನ ಅವರು ಸೀರಿ ಉಟಕೊಂಡು "ನಡಿ" ಅಂದ್ರು. ಬಸ್ಸು ಹತ್ತಿ ಮೆಹದಿಪಟ್ಟಣಂ, ಅಲ್ಲಿಂದ ಇನ್ನೊಂದು ಬಸ್ಸು ಹಿಡದು ಹಳೇ ಪ್ಯಾಟಿ. ಅಲ್ಲಿ ಒಂದು ಜಡಿಬೂಟಿ ಅಂಗಡಿ, ಗೋಣಿಚೀಲದ ತುಂಬ ಬೇರು, ತೊಗಟಿ, ಒಣಗಿದ ಹೂವು. ಅಂಗಡಿ ಸಾಹೇಬರು "ಕಾಯ್ಕು ಹೋನಾ ಅಮ್ಮಾ?" ಅಂತ, ಯಾತಕ್ಕ ಬೇಕು ಅಂತ, ಮೆಲ್ಲಗನ ಕೇಳಿದ್ರು. ನಮ್ಮತ್ತಿಯವರಿಗೆ ಮೆಲ್ಲಗ ಅನ್ನೂದ ಗೊತ್ತಿಲ್ಲ. ತಮ್ಮ ವಿಜಾಪುರದ ದಖನಿಯೊಳಗ "ಬಹೂಕು ಬಚ್ಚೇ ನೈ ಹೋರೇ ಬಾಬಾ!" ಅಂತ, ಸೊಸಿಗೆ ಮಕ್ಕಳಾಗವಲ್ಲವು ಅಂತ ಒದರಿದ್ರು. ಅಂಗಡಿಯಾಗ ನಿಂತಿದ್ದ ಗಂಡಸರೆಲ್ಲಾ ತಿರುಗಿ ನನ್ನ ನೋಡಿದ್ರು. ಭೂಮಿ ಬಾಯಿ ಬಿಡಬಾರದ ಅನಿಸ್ತು. ಸೆರಗು ತಲಿ ಮ್ಯಾಲೆ ಎಳಕೊಂಡು ಸೀರಿ ಅಂಚು ನೋಡಕೋತ ನಿಂತೆ. ಸಾಹೇಬರು ಪಾಪ ಅಶೋಕದ ತೊಗಟಿ, ಶತಾವರಿ ಬೇರು, ಇನ್ನೂ ಏನೇನೋ ಕಾಗದದಾಗ ಕಟ್ಟಿ, ನನ್ನ ಕಡೆ ನೋಡದಂಗ ಅತ್ತಿಯವರ ಕೈಗೆ ಕೊಟ್ರು.

ಮರುದಿನದಿಂದ ಶುರು ಆತು. ಈ ಕಷಾಯ ಗ್ಯಾಸಿನ ಮ್ಯಾಲೆ ಇಡಾಕ ಆಗೂದಿಲ್ಲ. ಎಂಟು ಪಾಲು ನೀರು ಒಂದು ಪಾಲು ಆಗೂ ಮಟ ಸಣ್ಣ ಉರಿಮ್ಯಾಲೆ ಬತ್ತಬೇಕು. ಸಿಲಿಂಡರ್ ಸಿಗೂದ ಕಠಿಣ ಇದ್ದ ಕಾಲ ಅದು. ಹಿಂಗಾಗಿ ಹಿಂದಿನ ಗ್ಯಾಲರಿಯೊಳಗ ಇದ್ದಲಿ ಶೇಗಡಿ ಹೊತ್ತಿಸಿ ಪಾತೇಲಿ ಇಡತಿದ್ರು. ಎಲ್ಲಾ ಮನಿ ಹಿಂದಿನ ಗ್ಯಾಲರಿ ಒಂದಕ್ಕೊಂದು ಮಾರಿ ಮಾಡಿದ್ವು. ಹೆಣ್ಣಮಕ್ಕಳು ಅರಿವಿ ಒಣ ಹಾಕಕೋತ, ಮಾರಿ ಹಿಂಡಿ, "ಪಾಪ, ಇನ್ನೂ ಕುದಿಸಾಕತ್ತಾರ" ಅನ್ನೂದು ನನಗ ಅಡಿಗಿಮನಿತನ ಕೇಳಸ್ತಿತ್ತು. ತೊಗಟಿ ವಾಸನಿ ಪಡದಿಗೆ ಹತ್ತತಿತ್ತು, ಹಾಸಿಗಿಗೆ ಹತ್ತತಿತ್ತು, ನನ್ನ ಕೂದಲಿಗೆ ಹತ್ತತಿತ್ತು. ಬಸ್ಸಿನ್ಯಾಗ ಯಾರರ ನನ್ನ ಹತ್ರ ಕೂತು ಮೂಗು ಏರಿಸಿದ್ರ, ಇವರಿಗೂ ಗೊತ್ತಾತು ಅಂತ ಅನಸ್ತಿತ್ತು. ಇವರಿಗೇನು ಗೊತ್ತಾಗಬೇಕ್ರಿ, ಆದ್ರ ನಾಚಿಕಿ ಬುದ್ಧಿ ಮಾತು ಎಲ್ಲಿ ಕೇಳ್ತದ.

ಅತ್ತಿಯವರು ಕಷಾಯದ ವಾಟಗಾ ತಾವ ತರತಿದ್ರು. ನನ್ನ ಮೂಡ ದಿಕ್ಕಿಗೆ ಮಾರಿ ಮಾಡಿ ಕೂಡಿಸಿ, ತಮ್ಮ ಬಲಗೈಲೆ ಕೊಟ್ಟು, ಕಡೀ ಹನಿ ಇಳಿಯೂ ಮಟ ಎದುರಿಗೆ ನಿಂದರತಿದ್ರು. ಕಹಿ ಅಂದ್ರ ಅಂಥಾ ಕಹಿ! ನಾಲಿಗಿ ಒಣಗಿ ಚರ್ಮ ಆಗತಿತ್ತು. ವಾಟಗಾ ಗ್ವಾಡಿಗೆ ಬೀಸಿ ಒಗಿಬೇಕು ಅನ್ನುವಷ್ಟು ಸಿಟ್ಟು ಬರತಿತ್ತು. ಆದ್ರ ಅವರ ಮಾರಿ ನೋಡಿದ್ರ ಸಿಟ್ಟು ಅಲ್ಲೇ ಇಳೀತಿತ್ತು. ನಾನು ನುಂಗಿದಾಗೊಮ್ಮೆ ಅವರೂ ನುಂಗತಿದ್ರು, ಬರೇ ಉಗುಳು. ಪ್ರತಿ ತಿಂಗಳ ನಾನು ಹೊರಗಾದೆ ಅಂತ ಹೇಳೂವಾಗ ಅವರು ಏನೂ ಬೈತಿರಲಿಲ್ಲ. ತಮ್ಮ ಬಲಗೈ ತಾವ ತಿರುಗಿಸಿ ಮುರುಗಿಸಿ ನೋಡಕೊಂತಿದ್ರು. ಬೈದಿದ್ರ ಎಷ್ಟೋ ಛಲೋ ಇತ್ತು.

ನಮ್ಮ ತವರಮನಿಯಿಂದ ಅವ್ವ ಬಂದಾಗ ಒತ್ತಾಯ ಮಾಡಿ ಶಹರದಾಗ ಒಬ್ಬ ಲೇಡಿ ಡಾಕ್ಟರ ಹತ್ರ ಕರಕೊಂಡು ಹೋದ್ಲು. ಆ ಡಾಕ್ಟರು ಎಲ್ಲಾ ಪರೀಕ್ಷಾ ಮಾಡಿ, "ನಿಮಗೇನೂ ತೊಂದರಿ ಕಾಣೂದಿಲ್ಲ, ಯಜಮಾನರನ್ನ ಕಳಸ್ರಿ" ಅಂದ್ರು. ಅವ್ವ ಹೊರಗ ಕೂತಿದ್ಲು, ಆಕಿಗೆ ನಾನು ಬರೇ "ಮತ್ತ ಬರ್ರಿ ಅಂದಾರ" ಅಂತ ಹೇಳಿ ಊರಿಗೆ ಕಳಿಸಿದೆ. ನಮ್ಮನಿಯವರು ಭಾಳ ದಿನ ಒಲ್ಲೆ ಒಲ್ಲೆ ಅಂದ್ರು. ಕಡೀಗೆ ಅತ್ತಿಯವರಿಗೆ ಸಿನೆಮಾಕ್ಕ ಹೊಂಟೀವಿ ಅಂತ ಹೇಳಿ ಇಬ್ಬರೂ ಹೋದ್ವಿ. ಅವರು ಒಳಗ ಹೋದಾಗ ನಾನು ಹೊರಗಿನ ಬಾಕಿನ ಮ್ಯಾಲೆ ಕೂತಿದ್ದೆ.

ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ್ಯಾಗ ಲಿಂಗಂಪಲ್ಲಿ ಬಸ್ಸಿಗೆ ಕಾಯಕೋತ ನಿಂತಾಗ ಹೇಳಿದ್ರು. ಸುತ್ತಲೂ ಗದ್ದಲ, ದ್ರಾಕ್ಷಿ ಮಾರೂವರು, ಕಂಡಕ್ಟರ್‌ಗಳ ಕೂಗು. ನನ್ನ ಮಾರಿ ನೋಡದನ, ಬಸ್ಸು ಬರೂ ದಾರಿ ನೋಡಕೋತ ಹೇಳಿದ್ರು.

"ನಂದ ಐತಂತ ದೋಷ. ಮಕ್ಕಳಾಗೂದು ಭಾಳ ಕಠಿಣ ಅಂದ್ರು."

ನನಗ ಮೊದಲು ಏನನಿಸ್ತು ಹೇಳ್ಲ್ಯಾ? ಹಗುರ ಅನಿಸ್ತು. ಆಯಪ್ಪಾ, ನಂದಲ್ಲ! ಎದಿಮ್ಯಾಲಿನ ಕಲ್ಲು ಇಳಿಸಿಟ್ಟಂಗ ಆತು. ಬಾಜೂಕ ನಿಂತವರು ಕಲ್ಲಿನಂಗ ಆಗ್ಯಾರ, ನನಗ ಉಸರು ಸಡಲ ಆಗೇತಿ. ಅದು ತಿಳಿದಕೂಡಲೆ ನನ್ನ ಮ್ಯಾಲೆ ನನಗ ಹೇಸಿಗಿ ಬಂತು. ಅವರ ತೋಳು ಹಿಡಕೊಂಡೆ.

"ಅವ್ವಗ ಹೇಳಬ್ಯಾಡ," ಅಂದ್ರು. "ನನ್ನ ಸಲುವಾಗಿ ಆಕಿ ಎಲ್ಲಾರ ಮನಿ ಚಾಕರಿ ಮಾಡ್ಯಾಳ. ಇದನ್ನ ಕೇಳಿದ್ರ ಸಾಯ್ತಾಳ."

"ಇಲ್ರಿ, ಹೇಳೂದಿಲ್ಲ," ಅಂದೆ. ಅಷ್ಟರಾಗ ಬಸ್ಸು ಬಂತು.

ಹಿಂಗಾಗಿ ನಾನು ಕಷಾಯ ಕುಡಿಯೂದು ಬಿಡಲಿಲ್ಲ. ಬಿಟ್ರ ಯಾಕಂತ ಕೇಳ್ತಾರ. ಮೊದಲು ಕಹಿ ಒಂದ ಇತ್ತು, ಈಗ ಅದರ ಕೂಡ ಕಳ್ಳತನ ಸೇರಿತು. ಅತ್ತಿಯವರು ಇನ್ನೊಂದು ಬೇರು ಕೂಡಿಸಿದ್ರು, ಸೋಮವಾರ ಒಪ್ಪತ್ತು ಹಿಡದ್ರು, ಊರಿನ ದೇವರಿಗೆ ಹರಕಿ ಹೊತ್ರು. ನಾನು ಎಲ್ಲಾದಕ್ಕೂ "ಹೂಂ ಅತ್ತಿ" ಅಂದೆ. ಮುದಕಿ ಉಪಾಸ ಕೂತಾಗ ನಾನು ಎದುರಿಗೆ ಕೂತು ಅನ್ನಾ ಉಣ್ಣತಿದ್ದೆ.

ಆದ್ರ ಪೆಟ್ಟು ಬಿದ್ದದ್ದು ಬ್ಯಾರೆ ಕಡೆ. ಎದುರಿನ ಬ್ಲಾಕಿನ ಒಬ್ಬಾಕಿ, ಬಾಯಿಗೆ ಬಾಗಲಾ ಇಲ್ಲದಾಕಿ, ಹಾಲಿನ ಬೂತಿನ್ಯಾಗ ಎಲ್ಲಾರ ಮುಂದ "ಮನಿ ಸೊಸಿಗೇ ಹತ್ತಲಿಲ್ಲ, ಇನ್ನ ಊರ ಮಂದಿಗೆ ಏನು ಹತ್ತೀತು" ಅಂದಿದ್ಲಂತ. ಆ ಮಾತು ಅತ್ತಿಯವರ ಕಿವಿಗೆ ಬಿತ್ತು. ಜಗಳಕ್ಕ ಹೋಗ್ತಾರ ಅಂತ ಮಾಡಿದ್ದೆ. ಹೋಗಲಿಲ್ಲ. ಮನಿಗೆ ಬಂದು ಡಬ್ಬಿಗಳ ಮುಂದ ಸುಮ್ಮನ ಕೂತ್ರು.

ಅದ ವಾರ ಕೆಳಗಿನ ಮನಿ ತೆಲುಗು ಬಾಯಿ ಬಂದ್ಲು. ಆಕಿ ಮಗಳು ಹಡದು ತವರಿಗೆ ಬಂದಿದ್ಲು, ಎದಿಹಾಲು ಸಾಕಾಗಾಕತ್ತಿರಲಿಲ್ಲ, ಕೂಸು ರಾತ್ರಿ ಹಗಲು ಅಳೂದು. ಸಬ್ಬಸಗಿ ಬೀಜ, ಬಡೇಸೋಪು, ಜೀರಗಿ ಹಾಕಿ ಕುದಿಸೂ ಬಾಣಂತಿ ಕಷಾಯ ಅತ್ತಿಯವರಿಗೆ ನೀರು ಕುಡದಷ್ಟು ಸಲೀಸು. "ಪೆದ್ದಮ್ಮಾ, ನಿಮ್ಮ ಕೈಲೆ ಒಂದು ವಾಟಗಾ ಕೊಡ್ರಿ" ಅಂತ ಆ ಬಾಯಿ ತನ್ನ ತೆಲುಗಿನ್ಯಾಗ ಕೇಳಿ ಕೈ ಮುಗದ್ಲು.

ಅತ್ತಿಯವರು ಎದ್ದ ನಿಲ್ಲಲಿಲ್ಲ. "ನನ್ನ ಕೈ ಸತ್ತೈತಿ ತಂಗೀ. ಸತ್ತ ಕೈಲೆ ಬಾಣಂತಿಗೆ ಕೊಡಬಾರದು. ದವಾಖಾನಿಗೆ ಕರಕೊಂಡು ಹೋಗು" ಅಂದ್ರು. ತೆಲುಗು ಬಾಯಿಗೆ ಮಾತು ತಿಳೀತೋ ಇಲ್ಲೋ, ಅವರ ಮಾರಿ ನೋಡಿ ಎಲ್ಲಾ ತಿಳೀತು. ಕಣ್ಣೀರು ಒರಿಸಿಕೋತ ಇಳದು ಹೋದ್ಲು.

ಆವತ್ತಿಂದ ಡಬ್ಬಿ ಮುಚ್ಚಿದ್ದು ಮುಚ್ಚಿದ್ದ. ಮುಂಜಾನೆ ಜೀರಗಿ ಕಷಾಯನೂ ಬಿಟ್ರು. "ಚಹಾನ ಹಾಕು ನನಗೂ" ಅಂದ್ರು. ನನ್ನ ಕಷಾಯ ಕೂಡ ಮಾಡಲಿಲ್ಲ. ಇದ್ದಲಿ ಶೇಗಡಿ ಬೂದಿ ಹೊತಗೊಂಡು ಕೂತಿತು. ನಾನು ಬೇಡಿಕೊಂಡದ್ದ ಇದು, ಆ ವಾಸನಿ ನಿಲ್ಲಲಿ ಅಂತ. ನಿಂತ ಮ್ಯಾಲೆ ಮನಿ ಬಿಕೋ ಅಂತಿತ್ತು. ಅತ್ತಿಯವರು ಗ್ಯಾಲರಿಗೆ ಹೋಗೂದ ಬಿಟ್ರು, ಮಾತು ಬಿಟ್ರು, ಒಂದೊಂದು ಸಲ ಹಾಸಿಗಿ ಮ್ಯಾಲೆ ಬಲಗೈ ತಲಿದಿಂಬಿನ ಕೆಳಗ ಒತ್ತಿ ಇಟಗೊಂಡು ಮಲಗಿರತಿದ್ರು. ಜೀವಮಾನ ಪೂರ್ತಿ ಅದೊಂದ ಕೈ ನಂಬಿ ಬದುಕಿದ ಹೆಣ್ಣಮಗಳು. ಒಂದ ಒಂದು ಮಾತು ಹೇಳಿದ್ರ ಅವರಿಗೆ ಕೈ ವಾಪಸ್ ಬರತಿತ್ತು. ಆ ಮಾತು ನನ್ನ ಬಾಯಾಗ ಇತ್ತು.

"ನೀವ ಹೇಳ್ರಿ," ಅಂತ ನಮ್ಮನಿಯವರಿಗೆ ಗಂಟು ಬಿದ್ದೆ. "ನಿಮ್ಮವ್ವ ತಮ್ಮ ಕೈ ಸತ್ತೈತಿ ಅಂತ ಕೊರಗಿ ಸಾಯಾಕತ್ತಾರ. ನಿಮಗ ಕಣ್ಣಿಲ್ಲೇನ್ರಿ?"

"ಮಾತು ಕೊಟ್ಟಿದ್ದಿ ನೀನು," ಅಂದ್ರು ಅವರು, ಬೂಟು ಹಾಕಿಕೋತ. ಡ್ಯೂಟಿಗೆ ಹೋಗಿಬಿಟ್ರು.

ನಾನು ಹಟಕ್ಕೆ ಬಿದ್ದೆ. ಮಧ್ಯಾಹ್ನ ಅತ್ತಿಯವರು ಮೊರದಾಗ ಜೀರಗಿ ಹಸನ ಮಾಡಾಕತ್ತಿದ್ರು, ಕೈ ಸುಮ್ಮನ ಕೂಡೂದಿಲ್ಲ ಅಂತ. ಅವರ ಎದುರಿಗೆ ಕೂತೆ.

"ಅತ್ತಿ, ನಿಮ್ಮ ಕೈಗೆ ಏನೂ ಆಗಿಲ್ಲ. ಡಾಕ್ಟರು ನಮ್ಮಿಬ್ಬರನ್ನೂ ನೋಡ್ಯಾರ. ನನ್ನಲ್ಲಿ ಏನೂ ಇಲ್ಲಂತ. ನಿಮ್ಮ ಮಗನಲ್ಲಿ ಐತಂತ."

ಅವರ ಬೆರಳು ನಿಂತ್ವು. ಮೊರದಾಗಿನ ಒಂದು ಕಡ್ಡಿ ಎತ್ತಿ ಬಾಜೂಕ ಇಟ್ರು.

"ಯಾರ್ಯಾರಿಗೆ ಗೊತ್ತೈತಿ?"

"ನಾವಿಬ್ಬರಿಗೆ. ಈಗ ನಿಮಗ."

"ನಿಮ್ಮವ್ವಗ?"

"ಇಲ್ರಿ."

"ಹೇಳಬ್ಯಾಡ," ಅಂದ್ರು. ಕಣ್ಣೀರು ಮೊರದಾಗ ಬೀಳತಿತ್ತು, ಒರಿಸಿಕೊಳ್ಳಲಿಲ್ಲ. ನನಗ ಅಳು ಬಂತು, ಅವರ ಮೊಣಕಾಲು ಹಿಡಕೊಂಡೆ. ಅವರು ನನ್ನ ತಲಿ ಮ್ಯಾಲೆ ಕೈ ಇಟ್ರು. ಬಲಗೈನ ಇಟ್ರು. ಮುಗೀತು, ಇನ್ನ ಮುಚ್ಚಿಡೂದು ಏನೂ ಇಲ್ಲ, ನಾವು ಅತ್ತಿ ಸೊಸಿ ಒಂದಾದ್ವಿ ಅಂತ ತಿಳಕೊಂಡೆ. ಎಂಥಾ ಹುಚ್ಚಿ ನಾನು!

ಮರುದಿನ ಮುಂಜಾನೆ ಎಚ್ಚರ ಆಗೂದಕ್ಕ ಮೂಗಿಗೆ ತೊಗಟಿ ವಾಸನಿ ಬಡೀತು. ಗ್ಯಾಲರಿಗೆ ಹೋಗಿ ನೋಡ್ತೀನಿ, ಶೇಗಡಿ ನಿಗಿನಿಗಿ ಅನ್ನಾಕತ್ತೈತಿ, ಅತ್ತಿಯವರು ಮಣಿ ಹಾಕಿಕೊಂಡು ಕೂತು ಬೀಸಣಿಗಿ ಬೀಸಾಕತ್ತಾರ.

"ಇದ್ಯಾಕ್ರಿ ಅತ್ತಿ ಇನ್ನ?"

"ಬಿಟ್ರ ಮಂದಿ ಯಾಕಂತ ಕೇಳ್ತಾರ."

ವಾಟಗಾ ತಂದು ಮುಂದ ಹಿಡದ್ರು. ಮೂಡ ದಿಕ್ಕಿಗೆ ಕೂಡು ಅನ್ನಲಿಲ್ಲ. ಎದುರಿಗೆ ನಿಲ್ಲಲೂ ಇಲ್ಲ. ನಾನು ಕುಡದೆ. ಚೆಲ್ಲಬಹುದಿತ್ತಲ್ಲ ಅಂತ ನೀವು ಕೇಳಬಹುದು. ನನಗೂ ಗೊತ್ತಿಲ್ರಿ ಯಾಕ ಕುಡದೆ. ಅಭ್ಯಾಸ ಆಗಿತ್ತು.

ಅವತ್ತ ಡಬ್ಬಿ ತೆಗದ್ರು. ಸಬ್ಬಸಗಿ ಬೀಜ, ಬಡೇಸೋಪು, ಜೀರಗಿ ಹುರದು, ಕುದಿಸಿ, ಬೆಲ್ಲ ಹಾಕಿ, ತಾವ ತಂಬಿಗಿ ಹಿಡಕೊಂಡು ಮೆಟ್ಟಲಾ ಇಳದ್ರು. ನಾನು ಕೊಟ್ಟು ಬರ್ತೀನಿ ಅಂತ ಕೈ ಚಾಚಿದ್ದೆ. "ಬಾಣಂತಿ ಮನಿ. ನೀ ಬ್ಯಾಡ" ಅಂದ್ರು. ದಿನಾ ಹಂಗ ಇಳದು ಕೊಟ್ಟು ಬಂದ್ರು. ದವಾಖಾನಿ ಗುಳಿಗಿನೂ ನಡದಿತ್ತು, ಯಾವುದಕ್ಕ ಯಾವುದು ಹತ್ತಿತೋ ದೇವರಿಗೆ ಗೊತ್ತು. ಅಂತೂ ಹಾಲು ಬಂತು. ಕೂಸು ಹೊಟ್ಟಿ ತುಂಬ ಕುಡದು ನಿದ್ದಿ ಮಾಡಾಕ ಹತ್ತಿತು. ಕಾಲೊನಿ ತುಂಬ ಪೆದ್ದಮ್ಮನ ಕೈಗುಣದ ಮಾತು ಮತ್ತ ಎದ್ದಿತು. ಅತ್ತಿಯವರ ಮಾರಿಗೆ ತಿರುಗಿ ಮೊದಲಿನಂಗ ಕಳಿ ಏರಿತು. ಅದನ್ನ ನೋಡಿ ನನಗೂ ಸಂತೋಷ ಆಗಿತ್ತು, ಆಣಿ ಮಾಡಿ ಹೇಳ್ತೀನಿ.

ಒಂದು ರವಿವಾರ ಮುಂಜಾನೆ ತೆಲುಗು ಬಾಯಿ ಮಗಳನ್ನ, ಕೂಸನ್ನ ಕರಕೊಂಡು ಅತ್ತಿಯವರ ಕಾಲಿಗೆ ಬೀಳಸಾಕ ಬಂದ್ಲು. ಕೂಡ ಬಾಜೂ ಮನಿಯವರು, ಮ್ಯಾಲಿನ ಮನಿಯವರು. ಹಾಲಿನ ಬೂತಿನ್ಯಾಗ ಆಡಿಕೊಂಡಿದ್ದಾಕಿನೂ ಬಂದಿದ್ಲು, ಕೂಸು ನೋಡೂ ನೆವದಿಂದ. ಪಡಸಾಲಿ ತುಂಬಿತು. ನಮ್ಮನಿಯವರು ಒಳಗಿನ ಕೋಣ್ಯಾಗ ಪೇಪರ್ ಓದಕೋತ ಕೂತಿದ್ರು, ಬಾಗಲಾ ತೆರದ ಇತ್ತು. ನಾನು ಎಲ್ಲಾರಿಗೂ ಜೀರಗಿ ಕಷಾಯ ತಂದು ಕೊಟ್ಟೆ. ಹಿಂದಿನ ಗ್ಯಾಲರಿಯಿಂದ ನನ್ನ ತೊಗಟಿ ವಾಸನಿ ಬರಾಕತ್ತಿತ್ತು.

ಆ ಎದುರು ಬ್ಲಾಕಿನಾಕಿ ಮೂಗು ಒಂದೀಟು ಎತ್ತಿ, ನನ್ನ ಹೊಟ್ಟಿ ಕಡೆ ನೋಡಿ, ಅತ್ತಿಯವರಿಗೆ ಕೇಳಿದ್ಲು:

"ಕೈಗುಣ ಏನೋ ಖರೇನ ಐತ್ರಿ. ಮತ್ತ ನಿಮ್ಮ ಸೊಸಿಗ್ಯಾಕ ಹತ್ತವಲ್ಲದು?"

ಒಳಗ ಪೇಪರ್ ಸಪ್ಪಳ ನಿಂತಿತು. ಅತ್ತಿಯವರು ಕೂಸಿನ ತಲಿ ಸವರಿಕೋತ ಇದ್ರು. ನನ್ನ ಕಡೆ ನೋಡಲಿಲ್ಲ.

"ನನ್ನ ಕೈ ಏನು ಮಾಡೀತ್ರಿ," ಅಂದ್ರು. "ಆಕಿ ಮೈಗೆ ಹಿಡಿಯೂದಿಲ್ಲ. ಮೈಯಾಗನ ಏನೋ ಐತಿ. ನನ್ನ ಮಗಂದು ಪಾಪ, ಹಣಿಬಾರ."

ಹೆಣ್ಣಮಕ್ಕಳೆಲ್ಲಾ "ಅಯ್ಯ ಪಾಪ" ಅಂತ ನನ್ನ ನೋಡಿದ್ರು. ನನ್ನ ಕೈಯಾಗ ಖಾಲಿ ವಾಟಗಾಗಳ ತಾಟು ಇತ್ತು. ನಾನು ಒಳಕೋಣಿ ಕಡೆ ನೋಡಿದೆ. ನಮ್ಮನಿಯವರು ಪೇಪರ್ ಇಳಿಸಿ ನನ್ನ ಮಾರಿ ನೋಡಾಕತ್ತಿದ್ರು. ಏಳ್ತಾರ, ಹೊರಗ ಬರ್ತಾರ, ಏನರ ಒಂದು ಮಾತು ಆಡ್ತಾರ ಅಂತ ನಿಂತೆ.

ಬರಲಿಲ್ಲ.

"ಹೌದ್ರಿ," ಅಂದೆ ನಾನು ಆಕಿಗೆ. "ನನ್ನ ಮೈಗೇ ಹಿಡಿಯೂದಿಲ್ಲ."

ಆ ಮನ್ಯಾಗ ಖರೇ ಗೊತ್ತಿದ್ದವರು ಮೂರ ಮಂದಿ. ತಲಿ ತಗ್ಗಿಸಿದಾಕಿ ನಾ ಒಬ್ಬಾಕಿನ.